ಮೂಲೆಯಲ್ಲಿ ಕೂತ ಮಣ್ಣು

ಕೊಳ್ಳೇಗಾಲದಲ್ಲಿ ನಾನು ಕೆಲಸ ಮಾಡಿ ನಿವೃತ್ತಳಾದ ಮಣ್ಣು ಪರೀಕ್ಷೆಯ ಲ್ಯಾಬಿಗೆ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. "ನಿಮ್ಮ ಅನುಭವ ಹೇಳಿ ಮೇಡಂ" ಎಂದರು. ನಾನು ಗತ್ತಿನಿಂದ ಯಾವ ವರ್ಷ ಯಾವ ಬಡ್ತಿ ಬಂತು ಎಂದು ಶುರುಮಾಡಿದೆ. ಒಬ್ಬಳು ಆಕಳಿಸಿದಳು, ಇನ್ನೊಬ್ಬಳು ಗೋಡೆ ಮೇಲಿನ ಕ್ಯಾಲೆಂಡರ್ ಓದತೊಡಗಿದಳು. ಅವರದ್ದೇನೂ ತಪ್ಪಿಲ್ಲ. ಅದಕ್ಕೇ ಬಡ್ತಿಗಳನ್ನು ಅತ್ತ ಬಿಟ್ಟು, ಆ ದಿನ ಅವರಿಗೆ ಹೇಳಲು ನಾಲಿಗೆ ಏಳದೇ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಮಣ್ಣಿನಲ್ಲಿ, ಕೆರೆಯ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ ಥರದ ವಿಷಗಳು ಸೇರಿಕೊಂಡಿರುತ್ತವೆ. ಅವನ್ನು ಮಣ್ಣಿನಿಂದ ಬಿಡಿಸಿ ನೀರಿಗೆ ತಂದರಷ್ಟೇ ನಮ್ಮ ಯಂತ್ರ ಅಳೆಯಬಲ್ಲದು. ಬಿಡಿಸುವುದೇ ಕಷ್ಟ. ಸ್ವಲ್ಪ ವಿಷ ಮಣ್ಣಿಗೆ ಸುಮ್ಮನೆ ಅಂಟಿಕೊಂಡಿರುತ್ತದೆ, ಸ್ವಲ್ಪ ತುಕ್ಕಿನೊಳಗೆ ಅಡಗಿರುತ್ತದೆ, ಸ್ವಲ್ಪ ಕೊಳೆತ ಎಲೆಕಡ್ಡಿಯಲ್ಲಿ ಸೇರಿರುತ್ತದೆ. ನಾನು ಕುಂತೂರಿನವಳು, ಕಬ್ಬಿನ ಊರಿನ ಮಗಳು. ಗಾಣಕ್ಕೆ ಕಬ್ಬು ಒಂದು ಸಲ ಕೊಟ್ಟರೆ ಸಡಿಲ ರಸ ಬರುತ್ತದೆ, ಇನ್ನೊಂದು ಸಲ ಕೊಟ್ಟರೆ ಬಿಗಿಯಾಗಿದ್ದದ್ದೂ ಬರುತ್ತದೆ. ನಮ್ಮದೂ ಅದೇ ಕೆಲಸ. ಮೊದಲು ವಿನೆಗರ್‌ನಂಥ ಸೌಮ್ಯ ಆಮ್ಲ ಹಾಕಿ ಕುಲುಕಬೇಕು, ಆಮೇಲೆ ಒಂದಕ್ಕಿಂತ ಒಂದು ಖಡಕ್ಕಾದವು. ಒಂದೊಂದು ಸಲಕ್ಕೂ ಹದಿನಾರು ಗಂಟೆ ಕುಲುಕಬೇಕು ಎಂದು ಶಾಸ್ತ್ರ.

ಹದಿನಾರು ಗಂಟೆ! ಈ ವಿಧಾನ ಕಂಡುಹಿಡಿದ ಪುಣ್ಯಾತ್ಮರ ದೇಶದಲ್ಲಿ ಕರೆಂಟು ಹೋಗುತ್ತಿರಲಿಲ್ಲವೇನೋ. ನಮ್ಮಲ್ಲಿ ಸಂಜೆ ಕುಲುಕುವ ಯಂತ್ರಕ್ಕೆ ಬಾಟಲಿಗಳನ್ನು ಕಟ್ಟಿ ಮನೆಗೆ ಹೋದರೆ, ಬೆಳಗ್ಗೆ ಬಂದಾಗ ಅದು ಎಷ್ಟು ಹೊತ್ತು ಕುಲುಕಿತು, ಎಷ್ಟು ಹೊತ್ತು ನಿದ್ದೆ ಮಾಡಿತು ಎಂಬುದು ದೇವರಿಗೇ ಗೊತ್ತು. ಅಟೆಂಡರ್ ಮಾದಯ್ಯ ಮಾತ್ರ ನಿಷ್ಠಾವಂತ. ಒಂದು ದಿನ ಬೆಳಗ್ಗೆ ಬಲಗೈ ಹಿಡಿದುಕೊಂಡು ನರಳುತ್ತಾ ಕೂತಿದ್ದ.

"ಏನಾಯ್ತು ಮಾದಯ್ಯ?"

"ಕರೆಂಟು ಓಯ್ತು ಮೇಡಂ. ಮಿಷಿನ್ ನಿಂತೋಯ್ತಲ್ಲ ಅಂತ ನಾನೇ ಕೈಲಿ ಕುಲುಕ್ತಾ ಕುಂತಿದ್ದಿ."

"ಎಲ್ಲಾ ಬಾಟಲಿನೂ?"

"ಎಲ್ಲನೂ ಎಲ್ಲಿ ಆದದು? ಕೈಗ ಸಿಕ್ಕಿದ್ನ ಕುಲುಕ್ದಿ."

ಯಾವುದು ಕೈಗೆ ಸಿಕ್ಕಿತ್ತು, ಯಾವುದು ಸಿಕ್ಕಿರಲಿಲ್ಲ ಎಂದು ಅವನಿಗೆ ನೆನಪಿರಲಿಲ್ಲ. ಅಷ್ಟೂ ಬಾಟಲಿಗಳನ್ನು ಚರಂಡಿಗೆ ಚೆಲ್ಲಿ ಮತ್ತೆ ಮೊದಲಿಂದ ಮಾಡಿದೆ. ಹೀಗೆ ಒಂದು ಮಣ್ಣಿನ ಜಾತಕ ಬರೆಯಲು ನಮಗೆ ವಾರ ಹಿಡಿಯುತ್ತಿತ್ತು, ಕೆಲವೊಮ್ಮೆ ಎರಡು ವಾರ. ಉತ್ತರ ಬರುವ ಹೊತ್ತಿಗೆ ರೈತ ಬಿತ್ತಿ, ಬೆಳೆದು, ಪ್ರಶ್ನೆಯನ್ನೇ ಮರೆತಿರುತ್ತಿದ್ದ.

ಆಗ ಬಂದರು ನಮ್ಮ ಹೊಸ ಸಾಹೇಬರು. ಎಲ್ಲೋ ತರಬೇತಿಗೆ ಹೋಗಿಬಂದಿದ್ದರು. ತರಬೇತಿಗೆ ಹೋಗಿಬಂದ ಅಧಿಕಾರಿ ಹೊಸ ಚಪ್ಪಲಿ ಹಾಕಿಕೊಂಡವನ ಹಾಗೆ, ಸ್ವಲ್ಪ ದಿನ ಸದ್ದು ಜಾಸ್ತಿ. "ಜಗತ್ತೇ ಓಡ್ತಾ ಇದೆ, ನೀವಿನ್ನೂ ಬಾಟಲಿ ಕುಲುಕ್ತಾ ಕೂತಿದ್ದೀರಿ" ಎಂದು ಮೊದಲ ಮೀಟಿಂಗಿನಲ್ಲೇ ಬೈದರು. ಹದಿನಾರು ಗಂಟೆಯ ಕೆಲಸವನ್ನು ಅರ್ಧ ಗಂಟೆಯಲ್ಲಿ ಮಾಡುವ ಅಲ್ಟ್ರಾಸಾನಿಕ್ ಬಾತ್ ತರಿಸುತ್ತೇನೆ ಎಂದರು, ತರಿಸಿಯೂ ಬಿಟ್ಟರು. ಮಾದಯ್ಯ ಅಂದಿನಿಂದಲೇ ಅವರಿಗೆ ಬೆನ್ನ ಹಿಂದೆ "ಅರ್ಧಗಂಟೆ ಸಾಹೇಬ್ರು" ಎಂದು ಹೆಸರಿಟ್ಟ.

ಬಂದದ್ದು ಒಂದು ಸ್ಟೀಲಿನ ಪುಟ್ಟ ತೊಟ್ಟಿ. ಚಿನ್ನಬೆಳ್ಳಿ ಅಂಗಡಿಯವರು ಒಡವೆ ತೊಳೆಯಲು ಇಟ್ಟುಕೊಂಡಿರುತ್ತಾರಲ್ಲ, ಅದರ ದೊಡ್ಡಣ್ಣ. ತೊಟ್ಟಿಗೆ ನೀರು ತುಂಬಿ, ಮಣ್ಣು ಮತ್ತು ಆಮ್ಲ ಹಾಕಿದ ಟ್ಯೂಬುಗಳನ್ನು ಅದರಲ್ಲಿ ನಿಲ್ಲಿಸಿ ಗುಂಡಿ ಒತ್ತಿದರೆ, ಕಿವಿಗೆ ಕೇಳದಷ್ಟು ತಾರಕ ಸ್ವರದ ಶಬ್ದದ ಅಲೆ ನೀರನ್ನು ನಡುಗಿಸಿ ಮಣ್ಣಿನ ಕಣಗಳನ್ನು ಒದರುತ್ತದೆ. ಕಿವಿಗೆ ಕೇಳದು ಎಂದು ಪುಸ್ತಕದಲ್ಲಿ ಬರೆದಿತ್ತು. ನಮ್ಮದು ಮಾತ್ರ ಹುಳ ಹೊಕ್ಕ ಕಿವಿಯ ಹಾಗೆ ಗುಂಯ್ ಅನ್ನುತ್ತಿತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಕಾಯಿ ಒಡೆದೆವು. ಸಾಹೇಬರು ಉದ್ಘಾಟನೆಗೆ ತಮ್ಮ ಕನ್ನಡಕವನ್ನೇ ಅದರಲ್ಲಿ ಮುಳುಗಿಸಿ ತೆಗೆದು ಹಾಕಿಕೊಂಡು, "ಎಷ್ಟು ಸ್ಪಷ್ಟವಾಗಿ ಕಾಣುತ್ತೆ ನೋಡಿ" ಎಂದರು. ಮುಂದಿನ ವಿಷಯ ಓದಿದರೆ ಅವರಿಗೆ ಎಷ್ಟು ಕಂಡಿತ್ತು ಎಂಬುದು ನಿಮಗೇ ತಿಳಿಯುತ್ತದೆ.

ಹಳೆಯ ವಿಧಾನದ ಜೊತೆ ಹೋಲಿಸಿ ನೋಡದೆ ಹೊಸದನ್ನು ನಂಬಬಾರದು ಎಂಬ ಬುದ್ಧಿ ನನಗಿತ್ತು. ಐದಾರು ಮಣ್ಣುಗಳನ್ನು ಎರಡೂ ರೀತಿಯಲ್ಲಿ ಮಾಡಿದೆ. ಉತ್ತರ ಹೆಚ್ಚುಕಡಿಮೆ ಒಂದೇ ಬಂತು. ಹಿಗ್ಗಿದೆ. ಆಮೇಲೆ ತೊಟ್ಟಿ ತುಂಬ ಟ್ಯೂಬು ತುಂಬಿ ಕೆಲಸ ಶುರುಮಾಡಿದೆವು. ಟ್ಯೂಬು ಇಡುವ ಕ್ರಮಕ್ಕೂ ಸಾಹೇಬರದ್ದು ಒಂದು ಆದೇಶ. ಲ್ಯಾಬು ಇರುವುದು ಕೊಳ್ಳೇಗಾಲದಲ್ಲಿ, ಆದ್ದರಿಂದ ಕೊಳ್ಳೇಗಾಲದ ಮಣ್ಣು ನಡುವಿನಲ್ಲಿ. ನೆರೆಯ ತಾಲ್ಲೂಕುಗಳಲ್ಲಿ ಹನೂರಿನದು ಎಡಗಡೆಯ ಮೂಲೆಗಳಲ್ಲಿ, ಯಳಂದೂರಿನದು ಬಲಗಡೆಯ ಮೂಲೆಗಳಲ್ಲಿ. ರಿಜಿಸ್ಟರಿನಲ್ಲೂ ಹಾಗೇ ಕಾಲಂ ಹಾಕಿಸಿದರು. ನಮ್ಮಲ್ಲಿ ಮದುವೆ ಊಟದ ಪಂಕ್ತಿಯಿಂದ ಹಿಡಿದು ಸಭೆಯ ಕುರ್ಚಿಯವರೆಗೆ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಲೆಕ್ಕವಿದೆಯಲ್ಲ, ಮಣ್ಣಿಗೂ ಅದೇ ಮರ್ಯಾದೆ ಸಂದಿತು. ಪ್ರತಿ ಸಲದ ಟ್ಯೂಬುಗಳ ಜೊತೆ ಒಂದು ಚೆಕ್ ಮಣ್ಣು ಇಡುತ್ತೇವೆ. ಅದರಲ್ಲಿ ಸೀಸ ಎಷ್ಟಿದೆ ಎಂದು ಮೊದಲೇ ಗೊತ್ತಿರುತ್ತದೆ. ಅದರ ಉತ್ತರ ಸರಿ ಬಂದರೆ ಉಳಿದವೂ ಸರಿ ಎಂದು ನಂಬಿಕೆ. ಅದು ದುಬಾರಿ ಮಣ್ಣು, ಗಣ್ಯ ಅತಿಥಿ. ಆದ್ದರಿಂದ ಅದಕ್ಕೆ ನಟ್ಟನಡುವಿನ ಜಾಗ. ಈ ಯಾವುದರಲ್ಲೂ ನನಗೆ ದೋಷ ಕಾಣಲಿಲ್ಲ. ನಾನೂ ಪಂಕ್ತಿಯಲ್ಲಿ ಕೂತು ಉಂಡವಳೇ.

ಕೆಲವು ತಿಂಗಳಲ್ಲಿ ವಿಚಿತ್ರವೊಂದು ಕಂಡುಬಂತು. ಕೊಳ್ಳೇಗಾಲದ ಮಣ್ಣೆಲ್ಲಾ ಮಲಿನ, ಹನೂರು ಯಳಂದೂರಿನ ಮಣ್ಣೆಲ್ಲಾ ಮಡಿ. ಸಾಹೇಬರು ಕುಣಿದಾಡಿದರು. ಕಾಡಿನ ಗಾಳಿ, ಬೆಟ್ಟದ ನೀರು, ವಾಹನ ಕಡಿಮೆ, ಹೀಗೆ ಕಾರಣಗಳನ್ನು ಪೋಣಿಸಿ ಒಂದು ಭಾಷಣ ತಯಾರಿಸಿದರು. ಕೊಳ್ಳೇಗಾಲಕ್ಕೆ ಕೆಂಪು, ಉಳಿದೆರಡಕ್ಕೆ ಹಸಿರು ಬಳಿದ ನಕ್ಷೆ ಮಾಡಿಸಿ ಮೈಸೂರಿನ ಒಂದು ಸಭೆಯಲ್ಲಿ ತೋರಿಸಿ ಶಾಲು ಹೊದಿಸಿಕೊಂಡು ಬಂದರು. ಹನೂರಿನ ಕಡೆಯ ಕೌದಳ್ಳಿಯ ಒಬ್ಬ ವ್ಯಾಪಾರಿ ನಮ್ಮ ವರದಿಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿ, ಕೆಳಗೆ "ವಿಷಮುಕ್ತ ರಾಗಿ" ಎಂದು ಬೋರ್ಡು ಬರೆಸಿದ. ಮಾದೇಶ್ವರ ಬೆಟ್ಟಕ್ಕೆ ಹೋಗುವವರು ಕಾರು ನಿಲ್ಲಿಸಿ ಕೊಳ್ಳುತ್ತಿದ್ದರಂತೆ. ನಾನೂ ಎರಡು ಸೇರು ತರಿಸಿದೆ. ಮುದ್ದೆ ಚೆನ್ನಾಗಿಯೇ ಬಂತು.

ಆ ದಿನಗಳಲ್ಲೇ ಸಿದ್ದಮ್ಮ ಬಂದದ್ದು. ಯಳಂದೂರು ತಾಲ್ಲೂಕಿನ ಅಗರದಿಂದಾಚೆಯ ಒಂದು ಹಳ್ಳಿ, ಹೆಸರು ಬರೆಯುವುದಿಲ್ಲ. ಊರ ಕೆರೆಯ ಏರಿ ಪಕ್ಕ ಯಾರೋ ಹೊರಗಿನವರು ತಗಡಿನ ಶೆಡ್ಡು ಹಾಕಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳು ತೆಗೆದು ಗದ್ದೆಗೆ ಹೊಡೆಯುವುದು ನಮ್ಮ ಕಡೆಯ ಪದ್ಧತಿ. ಹೂಳಿಗೆ ಗೋಡು ಎಂದೂ ಹೆಸರು, ಗೊಬ್ಬರಕ್ಕಿಂತ ಅದು ಮೇಲು ಎನ್ನುತ್ತಾರೆ. ಸಿದ್ದಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು, ತಾನೇ ನಿಂತು ಗದ್ದೆ ಮಾಡಿಸುವವಳು. ಶೆಡ್ಡಿನ ಬದಿಯ ಹೂಳನ್ನು ಉಪ್ಪಿನಕಾಯಿ ಬಾಟಲಿಗೆ ತುಂಬಿಕೊಂಡು ಬಸ್ಸು ಹತ್ತಿ ಬಂದಿದ್ದಳು.

"ಈ ಗೋಡ ಗದ್ದೆಗ ಹೊಡೀಬೋದಾ ಅಂತ ನೋಡಿ ಯೋಳಿ ಕಣವ್ವ. ಊರೋರು ಟ್ರಾಕ್ಟರ್ ಯೋಳವ್ರ. ಮಳ ಬರೋಕ್ಕ ಮುಂಚ ಗೊತ್ತಾಗ್ಬೇಕು."

"ಹಿಂದೆ ಆಗಿದ್ರೆ ವಾರ ಆಗ್ತಿತ್ತಮ್ಮ. ಈಗ ಮಧ್ಯಾಹ್ನಕ್ಕೇ ಹೇಳ್ತೀನಿ, ಕೂತ್ಕೊ" ಎಂದೆ. ಎಷ್ಟು ಜಂಬದಿಂದ ಹೇಳಿದೆ ಎಂಬುದು ಈಗಲೂ ಕಿವಿಯಲ್ಲಿದೆ. ಅವಳು ಬೆಂಚಿನ ಮೇಲೆ ಕೂತಳು. ಯಳಂದೂರಿನ ಮಣ್ಣು, ಬಲಮೂಲೆಗೆ ಹೋಯಿತು. ಸೀಸ ಮಿತಿಯೊಳಗಿದೆ, ಹೂಳನ್ನು ಬಳಸಬಹುದು ಎಂದು ವರದಿ ಬರೆದು ಸಹಿ ಹಾಕಿ ಕೊಟ್ಟೆ. ಅವಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸರಿಯಾಗಿ ನೋಡುದ್ರಾ?" ಎಂದಳು. "ಮಿಷಿನ್ ಸುಳ್ಳು ಹೇಳಲ್ಲಮ್ಮ" ಎಂದೆ.

ಸರಿಯಾಗಿ ನಾಲ್ಕನೇ ದಿನ ಮಾದಯ್ಯ ಟ್ಯೂಬುಗಳ ಮುಚ್ಚಳ ಸಾಲದೆ ಅಲ್ಯೂಮಿನಿಯಂ ಹಾಳೆ ಹರಿದು ಟ್ಯೂಬಿನ ಬಾಯಿಗೆ ಸುತ್ತುತ್ತಿದ್ದ. ಕೈಜಾರಿ ಎರಡು ಚೂರು ತೊಟ್ಟಿಯ ನೀರಿಗೆ ಬಿದ್ದವು, ಒಂದು ನಡುವಿಗೆ, ಒಂದು ಮೂಲೆಗೆ. ಅರ್ಧ ಗಂಟೆಯಾದ ಮೇಲೆ ತೆಗೆದು ನನ್ನ ಮುಂದೆ ಹಿಡಿದ.

"ಇದೇನ್ ಮೇಡಂ, ನಡುಕ್ ಬಿದ್ದಿದ್ದು ಜಲ್ಡೆ ಆಗದ, ಮೂಲೆಗ್ ಬಿದ್ದಿದ್ದು ಮದುವೆ ಹೆಣ್ಣಂಗ್ ಹಂಗೇ ಅದ!"

ಎರಡೂ ಚೂರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಡುವಿನಲ್ಲಿ ಶಬ್ದದ ಅಲೆ ಹಾಳೆಯನ್ನೇ ತೂತು ಮಾಡುವಷ್ಟು ಜೋರಾಗಿದೆ. ಮೂಲೆಯಲ್ಲಿ ಏನೂ ಇಲ್ಲ. ನಡುವಿನ ಟ್ಯೂಬಿನ ಮಣ್ಣು ವಿಷ ಬಿಡುತ್ತಿತ್ತು, ಮೂಲೆಯದು ಸುಮ್ಮನೆ ಬೆಚ್ಚಗಿನ ನೀರಿನಲ್ಲಿ ಕೂತು ವಿಶ್ರಾಂತಿ ಪಡೆಯುತ್ತಿತ್ತು. ಮೊದಲು ಹೋಲಿಸಿ ನೋಡಿದ ಐದಾರು ಟ್ಯೂಬುಗಳೂ ನಡುವಿನಲ್ಲೇ ಇದ್ದವು. ಚೆಕ್ ಮಣ್ಣು ದಿನಾ ನಡುವಿನಲ್ಲಿ ಕೂತು ದಿನಾ ಸರಿ ಎನ್ನುತ್ತಿತ್ತು. ಕಾಡಿನ ಗಾಳಿಯೂ ಇಲ್ಲ, ಬೆಟ್ಟದ ನೀರೂ ಇಲ್ಲ. ಹನೂರು ಯಳಂದೂರುಗಳ ಮಡಿ ಅಷ್ಟೂ ತೊಟ್ಟಿಯ ಮೂಲೆಯದು.

ಸಿದ್ದಮ್ಮನ ಬಾಟಲಿಯಲ್ಲಿ ಮಣ್ಣು ಉಳಿದಿತ್ತು. ಅದನ್ನು ನಟ್ಟನಡುವೆ ಇಟ್ಟೆ. ಅರ್ಧ ಗಂಟೆ. ಅಳೆದಾಗ ಯಂತ್ರದ ಮುಳ್ಳಿನಂಥ ಗೆರೆ ಕಾಗದದ ನೆತ್ತಿಗೆ ಹೋಗಿ ನಿಂತಿತು. ನೀರು ಬೆರೆಸಿ ತೆಳು ಮಾಡಿ ಮತ್ತೆ ಅಳೆಯಬೇಕಾಯಿತು. ಅಷ್ಟು ಸೀಸ.

ಸಾಹೇಬರ ಕೋಣೆಗೆ ಓಡಿದೆ. ತೂತಾದ ಹಾಳೆ, ತೂತಾಗದ ಹಾಳೆ ಎರಡನ್ನೂ ಮೇಜಿನ ಮೇಲೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. ಗೋಡೆಯ ಮೇಲಿನ ಹಸಿರು ಕೆಂಪು ನಕ್ಷೆಯನ್ನೂ ಒಮ್ಮೆ ನೋಡಿದರು.

"ಅವಸರ ಮಾಡಬೇಡಿ ಮೇಡಂ" ಎಂದರು. "ಮೊದಲು ಹಳೇ ಹದಿನಾರು ಗಂಟೆ ವಿಧಾನದಲ್ಲಿ ಪೂರ್ತಿ ಮಾಡಿ. ಆಮೇಲೆ ಮೇಲಕ್ಕೆ ಒಂದು ಪತ್ರ ಬರೆಯೋಣ. ಅನುಮತಿ ಬಂದ ಮೇಲೆ ವರದಿ ವಾಪಸ್ ತಗೊಳ್ಳೋಣ. ಎಲ್ಲಾ ಸೇರಿ ಒಂದು ಎರಡು ತಿಂಗಳು."

"ಸಾರ್, ಅವರು ಹೂಳು ಹೊಡೀತಾ ಇದ್ದಾರೆ. ಗದ್ದೆಗೆ ಒಂದು ಸಲ ಸೀಸ ಸೇರಿದ್ರೆ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ."

"ಇಲಾಖೆ ಮರ್ಯಾದೆ ಅಂತಾನೂ ಒಂದು ಇರುತ್ತೆ."

ಅರ್ಧಗಂಟೆ ಸಾಹೇಬರ ಗಡಿಯಾರ ಅಂದು ಮೊದಲ ಸಲ ಎರಡು ತಿಂಗಳಿಗೆ ತಿರುಗಿತ್ತು. ನಾನು ನಗಬೇಕಿತ್ತು. ನಗಲಿಲ್ಲ, ಹೆದರಿಕೆಯಾಯಿತು. ವರದಿಯ ಕೆಳಗಿದ್ದದ್ದು ಅವರ ಸಹಿಯಲ್ಲ, ನನ್ನದು. ರಜೆ ಚೀಟಿ ಬರೆದು ಅವರ ಮೇಜಿನ ಮೇಲಿಟ್ಟು, ಖಾಲಿ ಡಬ್ಬಿಗಳ ಚೀಲ ಹಿಡಿದು, ಮಾದಯ್ಯನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಅಗರದಲ್ಲಿ ಇಳಿದು ಆಟೋ ಹಿಡಿದು ಹೋದರೆ ಕೆರೆಯೊಳಗೆ ಮೂರು ಟ್ರಾಕ್ಟರ್ ನಿಂತಿದ್ದವು. ಜೆಸಿಬಿ ಕಪ್ಪು ಹೂಳನ್ನು ಎತ್ತಿ ಟ್ರೇಲರಿಗೆ ಸುರಿಯುತ್ತಿತ್ತು. ನಾನು ಸೀರೆ ಎತ್ತಿ ಕಟ್ಟಿ ಒಳಗಿಳಿದು, ನಿಲ್ಲಿಸಿ, ನಿಲ್ಲಿಸಿ ಎಂದು ಕೈ ಬೀಸಿದೆ. ಪಂಚಾಯ್ತಿಯ ಸದಸ್ಯರೊಬ್ಬರು ಏರಿ ಮೇಲೆ ನಿಂತು ಉಸ್ತುವಾರಿ ನೋಡುತ್ತಿದ್ದರು.

"ಯಾಕ್ ನಿಲ್ಸಾದು? ಗವರ್ಮೆಂಟೇ ಬರ್ದುಕೊಟ್ಟದಲ್ಲ ಒಳ್ಳೇದು ಅಂತ?"

"ಬರೆದುಕೊಟ್ಟವಳು ನಾನೇ. ತಪ್ಪಾಗಿದೆ."

"ಅವತ್ತು ಒಳ್ಳೇದು, ಇವತ್ತು ಕೆಟ್ಟದ್ದು. ನಾಳ ಏನಂದೀರಿ? ಬಾಯ್ಮಾತ್ಗ ನಿಲ್ಸಕ್ಕಾಯ್ತದಾ? ಬರ್ದುಕೊಡಿ."

ಅವರು ಕೇಳಿದ್ದು ನ್ಯಾಯವೇ. ಜೇಬಿನಲ್ಲಿದ್ದ ನನ್ನ ವರದಿಯ ಪ್ರತಿಯನ್ನು ಅವರೇ ತೆಗೆದುಕೊಟ್ಟರು. ಟ್ರಾಕ್ಟರಿನ ಬಾನೆಟ್ ಮೇಲೆ ಅದನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ, "ಈ ವರದಿ ತಪ್ಪು. ಶೆಡ್ಡಿನ ಬದಿಯ ಹೂಳಿನಲ್ಲಿ ಸೀಸ ಅಪಾಯಕರ ಪ್ರಮಾಣದಲ್ಲಿದೆ. ಬಳಸಬೇಡಿ. ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿದೆ. ಮಾದಯ್ಯ ಅದನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದ. ಜೆಸಿಬಿ ನಿಂತಿತು.

ಕೆರೆಯ ಉದ್ದಕ್ಕೂ ಅಲ್ಲಲ್ಲಿ ಹೂಳು ತುಂಬಿಕೊಂಡು ಬಂದು, ಮಾರನೇ ದಿನ ತೊಟ್ಟಿಯ ನಡುವಿನಲ್ಲಿ ಮಾತ್ರ ಟ್ಯೂಬು ಇಟ್ಟು, ಚೆಕ್ ಮಣ್ಣನ್ನು ಅಕ್ಕಪಕ್ಕ ಎರಡು ಕಡೆ ಇಟ್ಟು, ಸಂಜೆಯೊಳಗೆ ಉತ್ತರ ತೆಗೆದೆವು. ಶೆಡ್ಡಿನಿಂದ ದೂರದ ಅರ್ಧ ಕೆರೆ ಚೊಕ್ಕವಾಗಿತ್ತು. ಅಲ್ಲಿಗೆ ಗೂಟ ನೆಟ್ಟು ಗೆರೆ ಎಳೆದು, ಚೊಕ್ಕ ಬದಿಯದನ್ನು ಮಾತ್ರ ತೆಗೆಯಿರಿ ಎಂದೆವು. ಎರಡು ದಿನ ಬಿಟ್ಟು ಮಳೆ ಹೊಡೆಯಿತು. ಹದಿನಾರು ಗಂಟೆ ಕುಲುಕುತ್ತಾ ಕೂತಿದ್ದರೆ ಯಾವ ಗೂಟವೂ ಇರುತ್ತಿರಲಿಲ್ಲ. ಆದ್ದರಿಂದ ಹೊಸ ಹುಡುಗಿಯರೇ, ಬೇಗ ಮಾಡುವ ಉಪಾಯವನ್ನು ನಾನು ಹಳಿಯುತ್ತಿಲ್ಲ. ತೊಟ್ಟಿ ಒಳ್ಳೆಯದೇ. ವಾರಕ್ಕೊಮ್ಮೆ ಅಲ್ಯೂಮಿನಿಯಂ ಹಾಳೆ ಹಾಕಿ ಎಲ್ಲೆಲ್ಲಿ ತೂತಾಗುತ್ತದೆ ನೋಡಿ. ಟ್ಯೂಬುಗಳ ಜಾಗ ಅದಲುಬದಲು ಮಾಡಿ. ಚೆಕ್ ಮಣ್ಣನ್ನು ಅತ್ಯಂತ ಕೆಟ್ಟ ಜಾಗದಲ್ಲಿ ಕೂರಿಸಿ. ನೀರು ಬಿಸಿಯಾಗುತ್ತದೆ, ಬದಲಾಯಿಸಿ. ಸಾಹೇಬರ ಕನ್ನಡಕವನ್ನು ಹೊರಗಿಡಿ.

ನನಗೆ ನೋಟೀಸು ಬಂತು. ಅನುಮತಿಯಿಲ್ಲದೆ, ನಿಗದಿತ ನಮೂನೆಯಲ್ಲದೆ, ವರದಿಯ ಹಿಂಬದಿಯಲ್ಲಿ ಕೈಬರಹದಲ್ಲಿ ತಿದ್ದುಪಡಿ ಮಾಡಿದ್ದೇಕೆ ಎಂದು. ಮುಂಬದಿಯಲ್ಲಿ ನಿಗದಿತ ನಮೂನೆಯ ಸುಳ್ಳು ತುಂಬಿದ್ದರಿಂದ ಜಾಗವಿರಲಿಲ್ಲ ಎಂದು ಉತ್ತರ ಬರೆದೆ. ಅದಕ್ಕೆ ಏನು ಸಿಕ್ಕಿತು ಎಂದು ಹೇಳಿ ನಿಮಗೆ ಆಕಳಿಕೆ ತರಿಸುವುದಿಲ್ಲ. ಸಾಹೇಬರ ನಕ್ಷೆ ಮಾತ್ರ ಅವರ ವರ್ಗಾವಣೆಯಾಗುವವರೆಗೂ ಗೋಡೆ ಮೇಲೇ ಇತ್ತು.

ಹೇಳಲು ನಾಲಿಗೆ ಏಳದೇ ಇದ್ದದ್ದು ಇದಲ್ಲ. ಟ್ರಾಕ್ಟರ್ ನಿಲ್ಲಿಸಿದ ದಿನ ಕೆರೆಯಿಂದ ನೇರ ಸಿದ್ದಮ್ಮನ ಗದ್ದೆಗೆ ಹೋಗಿದ್ದೆ. ವರದಿ ತಂದವಳು ಅವಳೇ ಆದ್ದರಿಂದ ಅಲ್ಲಿಯವರೆಗೆ ಹೋಗಿದ್ದ ಎರಡೇ ಲೋಡು ಅವಳ ಗದ್ದೆಗೇ ಬಿದ್ದಿತ್ತು. ಇನ್ನೂ ಹರಡಿರಲಿಲ್ಲ, ಗುಡ್ಡೆಯಾಗೇ ಇತ್ತು. ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಸೆರಗು ಸಿಕ್ಕಿಸಿ ಸನಿಕೆ ತಂದಳು. ಮಾದಯ್ಯ, ನಾನು, ಅವಳು ಮೂವರೂ ಸೇರಿ, ಟ್ರೇಲರ್ ಕರೆಸಿ, ಗುಡ್ಡೆಯನ್ನೂ ಅದರ ಕೆಳಗಿನ ಗೇಣು ಮಣ್ಣನ್ನೂ ಕೆರೆದು, ಶೆಡ್ಡಿನ ಬದಿಗೇ ವಾಪಸು ಕಳಿಸಲು ತುಂಬಿದೆವು. ತುಂಬಿ ಮುಗಿದ ಮೇಲೆ ಬದುವಿನ ಮೇಲೆ ಕೂತೆವು. ಕೈ ಮುಗಿದು ತಪ್ಪಾಯ್ತು ಎಂದೆ.

"ಗದ್ದೆ ಉಳ್ಕತ್ತು ಬುಡಿ ಕಣವ್ವ" ಎಂದಳು. ಸನಿಕೆಗೆ ಅಂಟಿದ್ದ ಮಣ್ಣು ಕೆರೆಯುತ್ತಾ ಹೇಳಿದಳು: "ನಾ ಯಾಕ್ ಆ ಮಣ್ಣ ನಿಮ್ಮತ್ರ ತಂದಿ ಗೊತ್ತಾ? ಶೆಡ್ಡಿನ್ ತಾವ್ ಇರೋ ಗುಂಡಿ ನೀರ ನಮ್ ಎಮ್ಮ ಮೂಸಿ ನೋಡ್ಬುಟ್ಟು ಹಿಂದಕ್ ಬಂದ್ಬುಡದು. ಊರೋರ್ಗ ಯೋಳುದ್ರ ನಕ್ಕುದ್ರು. ಆಮೇಲ ನಿಮ್ ಕಾಗ್ದ ಬಂತು. ಓದೋರು ಬರ್ದವ್ರ, ಎಮ್ಮಗ ಏನ್ ಗೊತ್ತು ಅನ್ಕಂಡಿ. ನಾಲ್ಕ್ ದಿನದಿಂದ ಅದ್ಕ ಹೊಡ್ದು ಹೊಡ್ದು ಅಲ್ಲೇ ನೀರ್ ಕುಡುಸ್ತಾ ಇವ್ನಿ."

ಅವಳು ಎದ್ದು ಸೀರೆಯ ಮಣ್ಣು ಕೊಡವಿಕೊಂಡು, ಗುಂಡಿಯ ಪಕ್ಕ ಕಟ್ಟಿದ್ದ ಎಮ್ಮೆಯನ್ನು ಬಿಚ್ಚಿ ಬೇರೆ ಕಡೆ ಕಟ್ಟಲು ಶೆಡ್ಡಿನತ್ತ ಓಡಿದಳು.